ಲಿಂಕನ್ ಬರೆಯದ ಪತ್ರ ಮತ್ತು ಇತರ ಕಾಗದಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಹಿಂದಿನ ಸಂಚಿಕೆಯಲ್ಲಿ ಅಮೆರಿಕದ ಇತಿಹಾಸವನ್ನು ಮೂಲ ದಾಖಲೆಗಳ ಮೂಲಕ ಕಲಿಸಿ ಅಂತ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಜಗಳ ತೆಗೆದವರನ್ನೂ ಸೇರಿಸಿದ್ದೇನೆ.

ಪ್ರಶ್ನೆ: ಮೂಲ ದಾಖಲೆ ಓದಿಸಿ ಅಂತ ನೀವು ಸಲೀಸಾಗಿ ಬರೆದುಬಿಟ್ಟಿರಿ. ನಮ್ಮದು ಕನ್ನಡ ಮಾಧ್ಯಮದ ಹೈಸ್ಕೂಲು. ಪೀರಿಯಡ್ಡು ನಲವತ್ತು ನಿಮಿಷ. ಹಳೇ ಕಾಲದ ಇಂಗ್ಲಿಷ್ ನನಗೇ ಕಷ್ಟ, ಇನ್ನು ಮಕ್ಕಳ ಗತಿ? ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ.
– ಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ಓದಿಸಬೇಡಿ. ತೋರಿಸಿ. ದಾಖಲೆ ಅಂದರೆ ಕಾಗದದ ಮೇಲಿನ ಅಕ್ಷರವೇ ಆಗಬೇಕು ಅಂತ ಯಾರು ಹೇಳಿದ್ದು?

1770ರ ಮಾರ್ಚ್ 5ರ ರಾತ್ರಿ ಬಾಸ್ಟನ್ ಊರಿನ ಕಿಂಗ್ ಸ್ಟ್ರೀಟ್‌ನಲ್ಲಿ ಬ್ರಿಟಿಷ್ ಸೈನಿಕರು ಗುಂಡು ಹಾರಿಸಿದರು, ಐದು ಜನ ಸತ್ತರು. ಬಾಸ್ಟನ್ ಹತ್ಯಾಕಾಂಡ ಅಂತ ಪುಸ್ತಕದಲ್ಲಿ ಒಂದು ಸಾಲು ಇರುತ್ತದಲ್ಲ, ಅದೇ. ಮೂರೇ ವಾರದಲ್ಲಿ ಪಾಲ್ ರಿವಿಯರ್ ಎಂಬ ಬೆಳ್ಳಿ ಕೆಲಸದವನು ಇದರ ಚಿತ್ರ ಕೆತ್ತಿ, ಬಣ್ಣ ಹಚ್ಚಿಸಿ ಮಾರಾಟಕ್ಕಿಟ್ಟ. ಅದನ್ನು ಮೊಬೈಲಿನಲ್ಲೋ ಪ್ರಿಂಟ್ ತೆಗೆದೋ ಮಕ್ಕಳ ಕೈಗೆ ಕೊಡಿ. ಏನೂ ಹೇಳಬೇಡಿ, ಐದು ನಿಮಿಷ ಸುಮ್ನೆ ನೋಡಲಿ. ಆಮೇಲೆ ಏನು ಕಂಡಿತು ಅಂತ ಕೇಳಿ.

ಸೈನಿಕರು ನೆಟ್ಟಗೆ ಸಾಲಾಗಿ ನಿಂತಿದ್ದಾರೆ, ಹಿಂದೆ ಅವರ ಕ್ಯಾಪ್ಟನ್ ಕತ್ತಿ ಎತ್ತಿ ಆಜ್ಞೆ ಕೊಡುತ್ತಿದ್ದಾನೆ. ಎದುರಿನ ಜನರ ಕೈಯಲ್ಲಿ ಏನೂ ಇಲ್ಲ. ಆಕಾಶ ನೀಲಿ. ಕಸ್ಟಮ್ಸ್ ಕಚೇರಿಯ ಮೇಲೆ 'ಕಟುಕರ ಮನೆ' ಅಂತ ಬೋರ್ಡು. ಮುಂದುಗಡೆ ಒಂದು ನಾಯಿ ನಿಂತಿದೆ, ಇಷ್ಟು ಗಲಾಟೆಯಲ್ಲೂ ಅದಕ್ಕೆ ಗಾಬರಿಯೇ ಇಲ್ಲ. ನಾಯಿಯನ್ನು ಹಿಂದಿನ ಬೆಂಚಿನವರೇ ಮೊದಲು ಪತ್ತೆ ಮಾಡುತ್ತಾರೆ, ನೋಡಿ ಬೇಕಾದರೆ.

ಈಗ ಎರಡನೇ ಕಾಗದ. ಕ್ಯಾಪ್ಟನ್ ಥಾಮಸ್ ಪ್ರೆಸ್ಟನ್ ಕೊಟ್ಟ ಹೇಳಿಕೆ. ಜನ ದೊಣ್ಣೆ ಬೀಸುತ್ತಿದ್ದರು, ಹಿಮದ ಉಂಡೆ ಎಸೆಯುತ್ತಿದ್ದರು, ನಾನು ನನ್ನದೇ ಸೈನಿಕರ ಬಂದೂಕುಗಳ ಮುಂದೆ ನಿಂತಿದ್ದೆ, ಆಗ ಗುಂಡು ಹಾರಿಸಿ ಅಂದಿದ್ದರೆ ಮೊದಲು ಸಾಯುತ್ತಿದ್ದವನು ನಾನೇ ಅನ್ನುತ್ತಾನೆ ಅವನು. ಇದರ ಸಾರವನ್ನು ನೀವೇ ಕನ್ನಡದಲ್ಲಿ ನಾಲ್ಕು ಸಾಲಲ್ಲಿ ಬೋರ್ಡ್ ಮೇಲೆ ಬರೆಯಿರಿ, ಸಾಕು. ಕ್ಲಾಸು ಎರಡು ಪಾಳಯ ಆಗುತ್ತದೆ. ಆಗಲಿ ಬಿಡಿ. ಪ್ರೆಸ್ಟನ್ ತನ್ನ ತಲೆ ಉಳಿಸಿಕೊಳ್ಳಲು ಬರೆದ, ರಿವಿಯರ್ ಜನರನ್ನು ಕೆರಳಿಸಲು ಕೆತ್ತಿದ. ಇಬ್ಬರಿಗೂ ಒಂದೊಂದು ಕಾರಣ ಇತ್ತು ಅನ್ನೋದನ್ನು ಮಕ್ಕಳೇ ಹೇಳುವವರೆಗೆ ನೀವು ಬಾಯಿ ಬಿಡಬೇಡಿ. ನಮ್ಮಂಥ ಮೇಷ್ಟ್ರುಗಳಿಗೆ ಕಷ್ಟದ ಕೆಲಸ ಇದೇ.

ಕೊನೆಗೆ ಕೋರ್ಟಿನ ಕಥೆ ಹೇಳಿ. ಸೈನಿಕರ ಪರ ವಾದ ಮಾಡಿದ್ದು ಜಾನ್ ಆಡಮ್ಸ್, ಮುಂದೆ ಅಮೆರಿಕದ ಎರಡನೇ ಅಧ್ಯಕ್ಷನಾದವನು. ಪ್ರೆಸ್ಟನ್‌ಗೆ ಬಿಡುಗಡೆ ಆಯಿತು. ಎಂಟು ಸೈನಿಕರಲ್ಲಿ ಆರು ಜನಕ್ಕೂ ಬಿಡುಗಡೆ. ಇಬ್ಬರಿಗೆ ಮಾತ್ರ ಶಿಕ್ಷೆ, ಅದೂ ಹೆಬ್ಬೆರಳ ಮೇಲೆ ಬರೆ. ಇನ್ನೊಂದು ತಮಾಷೆ ಏನಪ್ಪಾ ಅಂದರೆ ಚಿತ್ರದ ಕಲ್ಪನೆಯೂ ರಿವಿಯರ್‌ದಲ್ಲ. ಹೆನ್ರಿ ಪೆಲ್ಹಮ್ ಎಂಬ ಕಲಾವಿದನ ಚಿತ್ರ ನೋಡಿ ಅವನಿಗಿಂತ ಮೊದಲೇ ಮಾರಿಬಿಟ್ಟ. ಪೆಲ್ಹಮ್ ಸಿಟ್ಟಿನಿಂದ ಅವನಿಗೆ ಬರೆದ ಪತ್ರವೂ ಉಳಿದಿದೆ. ಅದೂ ದಾಖಲೆಯೇ ಅಲ್ವಾ?

ಪ್ರಶ್ನೆ: ನಮ್ಮ ಶಾಲೆಯ ಗೋಡೆ ಮೇಲೆ ಅಬ್ರಹಾಂ ಲಿಂಕನ್ ತನ್ನ ಮಗನ ಶಿಕ್ಷಕರಿಗೆ ಬರೆದ ಪತ್ರ ಇದೆ. ಕಂಡುಕೊಂಡ ಐದು ಡಾಲರಿಗಿಂತ ದುಡಿದ ಒಂದು ಡಾಲರ್ ದೊಡ್ಡದು ಅಂತ ಕಲಿಸಿ ಅನ್ನುವ ಪತ್ರ. ಶಾಲಾ ವಾರ್ಷಿಕೋತ್ಸವದಲ್ಲಿ ಮೂಲ ದಾಖಲೆ ಅಂತ ಅದನ್ನೇ ಓದಿಸೋಣ ಅಂದುಕೊಂಡಿದ್ದೇವೆ. ಹೇಗೆ?
– ಮುಖ್ಯ ಶಿಕ್ಷಕರು, ತುಮಕೂರು ಜಿಲ್ಲೆ

ಉತ್ತರ: ಬೇಜಾರು ಮಾಡ್ಕೋಬೇಡಿ, ಅದು ಲಿಂಕನ್ ಬರೆದದ್ದಲ್ಲ. ಲಿಂಕನ್ ಬರೆದ ಪತ್ರ, ಭಾಷಣ, ಚೀಟಿ ಚಪಾಟಿ ಎಲ್ಲವನ್ನೂ ವಿದ್ವಾಂಸರು ಹುಡುಕಿ 1950ರ ದಶಕದಲ್ಲಿ ಸಂಪುಟಗಳಾಗಿ ತಂದಿದ್ದಾರೆ, ಈಗ ಅವು ಇಂಟರ್ನೆಟ್‌ನಲ್ಲೂ ಪುಕ್ಕಟೆ ಸಿಗುತ್ತವೆ. ಅದರಲ್ಲಿ ಈ ಪತ್ರ ಇಲ್ಲ. ಲಿಂಕನ್ ಕೈಬರಹದ ಪ್ರತಿಯೂ ಇಲ್ಲ.

ನಿಮ್ಮ ಗೋಡೆಯ ಮೇಲಿನದನ್ನೇ ಇನ್ನೊಮ್ಮೆ ನೋಡಿ. ಶಿಕ್ಷಕರ ಹೆಸರಿದೆಯೇ? ಯಾವ ಶಾಲೆ? ಯಾವ ತಾರೀಕು? ಹೋಗಲಿ, ಯಾವ ಮಗ? ಲಿಂಕನ್‌ಗೆ ನಾಲ್ಕು ಗಂಡುಮಕ್ಕಳು. ಒಬ್ಬ ನಾಲ್ಕು ವರ್ಷ ತುಂಬುವ ಮೊದಲೇ 1850ರಲ್ಲಿ ತೀರಿಹೋದ. ದೊಡ್ಡವನು ರಾಬರ್ಟ್, ಅಪ್ಪ ಅಧ್ಯಕ್ಷ ಆಗುವ ಹೊತ್ತಿಗೆ ಹಾರ್ವರ್ಡ್ ಸೇರಿದ್ದ. ಚಿಕ್ಕವರಿಬ್ಬರಿಗೆ ಶ್ವೇತಭವನಕ್ಕೇ ಮೇಷ್ಟ್ರು ಬಂದು ಪಾಠ ಹೇಳುತ್ತಿದ್ದರು. ಪತ್ರ ಬರೆದಿದ್ದರೆ ಯಾರಿಗೆ ಬರೆದಂತಾಯಿತು?

ಅದರ ಬದಲು ಮಕ್ಕಳಿಗೆ ಖುಷಿ ಕೊಡುವ ಅಸಲಿ ಪತ್ರ ಒಂದಿದೆ. 1860ರ ಅಕ್ಟೋಬರ್ 15ರಂದು ನ್ಯೂಯಾರ್ಕ್ ರಾಜ್ಯದ ವೆಸ್ಟ್‌ಫೀಲ್ಡ್ ಊರಿನ ಗ್ರೇಸ್ ಬೆಡೆಲ್ ಎಂಬ ಹನ್ನೊಂದರ ಹುಡುಗಿ ಲಿಂಕನ್‌ಗೆ ಬರೆದಳು. ನಿಮ್ಮ ಮುಖ ತುಂಬ ಸಣ್ಣ, ಗಡ್ಡ ಬಿಡಿ, ಚೆನ್ನಾಗಿ ಕಾಣ್ತೀರಿ, ಹೆಂಗಸರಿಗೆ ಗಡ್ಡ ಇಷ್ಟ, ಅವರು ಗಂಡಂದಿರನ್ನು ಪೀಡಿಸಿ ನಿಮಗೆ ವೋಟು ಹಾಕಿಸ್ತಾರೆ ಅಂತ. ನಾಲ್ಕೇ ದಿನದಲ್ಲಿ ಉತ್ತರ ಹೋಯಿತು. ನನಗೆ ಹೆಣ್ಣುಮಕ್ಕಳಿಲ್ಲ, ಮೂವರು ಗಂಡುಮಕ್ಕಳು, ಒಬ್ಬನಿಗೆ ಹದಿನೇಳು, ಒಬ್ಬನಿಗೆ ಒಂಬತ್ತು, ಒಬ್ಬನಿಗೆ ಏಳು ಅಂತ ಲಿಂಕನ್ ಬರೆಯುತ್ತಾರೆ. ಇಷ್ಟು ದಿನ ಬಿಡದ ಗಡ್ಡ ಈಗ ಬಿಟ್ಟರೆ ಜನ ಇದೇನು ಹುಚ್ಚಾಟ ಅನ್ನೋದಿಲ್ವಾ ಅಂತಲೂ ಕೇಳುತ್ತಾರೆ. ಆಮೇಲೆ ಗಡ್ಡ ಬಿಟ್ಟರು! ವಾಷಿಂಗ್ಟನ್‌ಗೆ ಹೋಗುವಾಗ ಅವರ ರೈಲು ವೆಸ್ಟ್‌ಫೀಲ್ಡ್‌ನಲ್ಲಿ ನಿಂತಿತು, ಹುಡುಗಿಯನ್ನು ಕರೆದು ಮಾತಾಡಿಸಿದರು. ಎರಡೂ ಪತ್ರಗಳು ಇವತ್ತಿಗೂ ಇವೆ. ನಿಜವಾದ ಪತ್ರದಲ್ಲಿ ಊರು, ದಿನ, ಮಕ್ಕಳ ವಯಸ್ಸು ಎಲ್ಲಾ ಇದೆ. ಗೋಡೆ ಪತ್ರದ ಪಕ್ಕ ಇದನ್ನಿಟ್ಟು ಯಾವುದು ನಕಲಿ ಅಂತ ಮಕ್ಕಳನ್ನೇ ಕೇಳಿ. ವಾರ್ಷಿಕೋತ್ಸವಕ್ಕೆ ಇಬ್ಬರು ಮಕ್ಕಳ ನಾಟಕ ಬೇರೆ ಆಯಿತು.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಎಂಟನೇ ಗ್ರೇಡಿನ ಮಗನಿಗೆ ಲಿಂಕನ್‌ದೇ ಎರಡು ದಾಖಲೆ ಕೊಟ್ಟು ಪ್ರಬಂಧ ಬರೆಯಲು ಹೇಳಿದ್ದಾರೆ. ಒಂದು, ಗ್ರೀಲಿ ಎಂಬ ಪತ್ರಕರ್ತನಿಗೆ ಬರೆದದ್ದು. ಇನ್ನೊಂದು ಗುಲಾಮರ ವಿಮೋಚನೆಯ ಘೋಷಣೆ. ಲಿಂಕನ್‌ಗೆ ಗುಲಾಮರ ಬಗ್ಗೆ ಕಾಳಜಿಯೇ ಇರಲಿಲ್ಲ ಅಂತ ಮಗ ಬರೆದಿದ್ದಾನೆ. ನಾವು ಊರಲ್ಲಿ ಕಲಿತದ್ದು ಬೇರೆ. ಯಾರು ಸರಿ?
– ಒಬ್ಬ ತಾಯಿ

ಉತ್ತರ: ಇಬ್ಬರೂ ಅರ್ಧ ಸರಿ. ಮಗನಿಗೆ ಬೈಯಬೇಡಿ, ಅವನು ಓದಿದ್ದಾನೆ. ತಾರೀಕು ಮಾತ್ರ ನೋಡಿಲ್ಲ.

ಹೊರೇಸ್ ಗ್ರೀಲಿ 'ನ್ಯೂಯಾರ್ಕ್ ಟ್ರಿಬ್ಯೂನ್' ಪತ್ರಿಕೆಯ ಸಂಪಾದಕ. ಆಗ ಗುಲಾಮಗಿರಿ ಇದ್ದ ದಕ್ಷಿಣದ ರಾಜ್ಯಗಳು ಅಮೆರಿಕದ ಒಕ್ಕೂಟ ಬಿಟ್ಟು ದಂಗೆ ಎದ್ದು, ಉತ್ತರದ ಜೊತೆ ಅಂತರ್ಯುದ್ಧ ನಡೆದಿತ್ತು. ಗುಲಾಮಗಿರಿ ವಿಷಯದಲ್ಲಿ ಯಾಕೆ ಹಿಂದೇಟು ಹಾಕ್ತಿದ್ದೀರಿ ಅಂತ 1862ರ ಆಗಸ್ಟ್‌ನಲ್ಲಿ ಲಿಂಕನ್‌ರನ್ನು ತರಾಟೆಗೆ ತೆಗೆದುಕೊಂಡ. ಆಗಸ್ಟ್ 22ಕ್ಕೆ ಲಿಂಕನ್ ಉತ್ತರ ಬರೆದರು. ಒಬ್ಬ ಗುಲಾಮನನ್ನೂ ಬಿಡಿಸದೆ ಒಕ್ಕೂಟ ಉಳಿಯುವುದಾದರೆ ಹಾಗೇ ಮಾಡುತ್ತೇನೆ, ಎಲ್ಲರನ್ನೂ ಬಿಡಿಸಿದರೆ ಉಳಿಯುತ್ತದೆ ಅಂದರೆ ಹಾಗೂ ಮಾಡುತ್ತೇನೆ ಅಂತ. ನಿಮ್ಮ ಮಗ ಇಲ್ಲಿಗೆ ನಿಲ್ಲಿಸಿದ್ದಾನೆ ಅಂತ ಕಾಣುತ್ತದೆ. ಪತ್ರದ ಕೊನೆ ಓದಿಸಿ. ಇದು ಅಧ್ಯಕ್ಷನಾಗಿ ನನ್ನ ಕರ್ತವ್ಯ, ಎಲ್ಲ ಮನುಷ್ಯರೂ ಎಲ್ಲ ಕಡೆಯೂ ಸ್ವತಂತ್ರರಾಗಿರಬೇಕು ಅನ್ನುವ ನನ್ನ ಸ್ವಂತ ಆಸೆ ಬದಲಾಗಿಲ್ಲ ಅನ್ನುತ್ತಾರೆ ಅಲ್ಲಿ.

ಇನ್ನೂ ಮುಖ್ಯವಾದದ್ದು ಪತ್ರದ ಹೊರಗಿದೆ. ಅದಕ್ಕೂ ಸರಿಯಾಗಿ ಒಂದು ತಿಂಗಳ ಹಿಂದೆ, ಜುಲೈ 22ರಂದು, ಲಿಂಕನ್ ವಿಮೋಚನೆಯ ಕರಡನ್ನು ತಮ್ಮ ಮಂತ್ರಿಗಳ ಮುಂದೆ ಓದಿಯಾಗಿತ್ತು. ಸೋಲುತ್ತಿರುವಾಗ ಪ್ರಕಟಿಸಿದರೆ ಹತಾಶೆಯಿಂದ ಮಾಡಿದ ಹಾಗೆ ಕಾಣುತ್ತದೆ, ಒಂದು ಗೆಲುವು ಬರಲಿ ಅಂತ ಮಂತ್ರಿ ಸೀವರ್ಡ್ ಹೇಳಿದ್ದಕ್ಕೆ ತಡೆದಿದ್ದರು. ಅಂದರೆ ಗ್ರೀಲಿಗೆ ಆ ಪತ್ರ ಬರೆಯುವಾಗ ಕರಡು ಸಿದ್ಧವಾಗಿತ್ತು. ಪತ್ರ ಗ್ರೀಲಿಗಿಂತ ಜಾಸ್ತಿ, ಗುಲಾಮರಿಗಾಗಿ ಯುದ್ಧ ಮಾಡೋದಿಲ್ಲ ಅನ್ನುವ ಉತ್ತರದ ಮತದಾರರಿಗೆ ಬರೆದದ್ದು. ಹಾಗಂತ ನಾನು ಓದಿಕೊಂಡಿದ್ದೇನೆ, ನಿಮ್ಮ ಮಗ ಒಪ್ಪದಿದ್ದರೆ ವಾದ ಮಾಡಲಿ.

ಇನ್ನು ನಿಮಗೆ. 1863ರ ಜನವರಿ 1ರ ಘೋಷಣೆ ಎಲ್ಲ ಗುಲಾಮರನ್ನೂ ಬಿಡಿಸಿತು ಅಂತ ನಾವು ಕಲಿತೆವು. ಆ ಕಾಗದವನ್ನು ಕೈಗೆ ತೆಗೆದುಕೊಂಡು ಓದಿ. ದಂಗೆ ಎದ್ದ ರಾಜ್ಯಗಳಿಗೆ ಮಾತ್ರ ಅದು ಅನ್ವಯ. ಒಕ್ಕೂಟದಲ್ಲೇ ಉಳಿದ ಕೆಂಟಕಿ, ಮೇರಿಲ್ಯಾಂಡ್, ಡೆಲವೇರ್, ಮಿಸ್ಸೌರಿಗಳ ಗುಲಾಮರಿಗೆ ಇಲ್ಲ. ಲೂಸಿಯಾನಾದ ಇಂತಿಂಥ ಪ್ರದೇಶ ಬಿಟ್ಟು, ವರ್ಜೀನಿಯಾದ ಇಂತಿಂಥ ಕೌಂಟಿ ಬಿಟ್ಟು ಅಂತ ಹೆಸರು ಹೆಸರಾಗಿ ಪಟ್ಟಿ ಇದೆ. ಓದಲು ಕಂದಾಯ ಇಲಾಖೆಯ ಆದೇಶದ ಹಾಗಿದೆ. ಅದು ಹಾಗಿರಲು ಕಾರಣ, ಸೇನೆಯ ದಂಡನಾಯಕನ ಅಧಿಕಾರದಲ್ಲಿ ಮಾತ್ರ ಅವರು ಅದನ್ನು ಹೊರಡಿಸಬಹುದಿತ್ತು, ಆ ಅಧಿಕಾರ ಶತ್ರು ಪ್ರದೇಶದ ಮೇಲೆ ಮಾತ್ರ ನಡೆಯುತ್ತದೆ. ದೇಶದಲ್ಲೆಲ್ಲ ಗುಲಾಮಗಿರಿ ತೆಗೆಯಲು ಸಂವಿಧಾನದ 13ನೇ ತಿದ್ದುಪಡಿ ಬೇಕಾಯಿತು, 1865ರ ಡಿಸೆಂಬರ್‌ನಲ್ಲಿ. ಆದರೆ ಅದೇ ಒಣ ಘೋಷಣೆಯಲ್ಲಿ ಬಿಡುಗಡೆಯಾದ ಕಪ್ಪು ಜನರನ್ನು ಸೇನೆಗೆ ಸೇರಿಸಿಕೊಳ್ಳುತ್ತೇವೆ ಅನ್ನುವ ಸಾಲೂ ಇದೆ. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 1,80,000 ಕಪ್ಪು ಸೈನಿಕರು ಉತ್ತರದ ಸೇನೆಯಲ್ಲಿ ಸೇವೆ ಸಲ್ಲಿಸಿದ್ದರು. ಪ್ರಬಂಧದಲ್ಲಿ ಆ ಸಾಲನ್ನು ಬಿಡಬೇಡ ಅಂತ ಹೇಳಿ.

ಪ್ರಶ್ನೆ: ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ್ದು ಜುಲೈ 4ಕ್ಕೋ ಆಗಸ್ಟ್ 2ಕ್ಕೋ? ಪರೀಕ್ಷೆಗೆ ಬೇಕು.
– ಸ್ಪರ್ಧಾತ್ಮಕ ಪರೀಕ್ಷಾರ್ಥಿ, ಧಾರವಾಡ

ಉತ್ತರ: ಒಪ್ಪಿದ್ದು 1776ರ ಜುಲೈ 4. ಹೆಚ್ಚಿನವರು ಸಹಿ ಹಾಕಿದ್ದು ಆಗಸ್ಟ್ 2. ಒಟ್ಟು 56 ಸಹಿ. ಪರೀಕ್ಷೆ ಮುಗಿದ ಮೇಲೆ ಜೆಫರ್ಸನ್ ಬರೆದ ಕರಡು ನೋಡಿ. ಗುಲಾಮರ ವ್ಯಾಪಾರಕ್ಕೆ ಬ್ರಿಟನ್ ರಾಜನನ್ನು ಬೈದ ಒಂದಿಡೀ ಪ್ಯಾರಾ ಅದರಲ್ಲಿತ್ತು, ಕಾಂಗ್ರೆಸ್ ಹೊಡೆದುಹಾಕಿತು. ಬರೆದ ಜೆಫರ್ಸನ್ ಕೂಡ ಗುಲಾಮರ ಒಡೆಯನೇ. ಪರೀಕ್ಷೆಯಲ್ಲಿ ಇದನ್ನು ಕೇಳೋದಿಲ್ಲ.

ಪ್ರಶ್ನೆ: ವಾಷಿಂಗ್ಟನ್, ಜೆಫರ್ಸನ್, ಲಿಂಕನ್. ಮತ್ತೆ ಅದೇ ದೊಡ್ಡ ಮನುಷ್ಯರು. ದಾಖಲೆ ದಾಖಲೆ ಅಂದರೆ ಬರೆಯಲು ಬಂದವರ ಇತಿಹಾಸ ಮಾತ್ರ ಆಗೋದಿಲ್ವಾ?
– ಬಿ.ಎಡ್. ವಿದ್ಯಾರ್ಥಿ, ಕಲಬುರಗಿ

ಉತ್ತರ: ಆಗುತ್ತದೆ. ಹ್ಯಾರಿಯಟ್ ಟಬ್‌ಮನ್ ತಾನೂ ತಪ್ಪಿಸಿಕೊಂಡು, ಮತ್ತೆ ಮತ್ತೆ ಹಿಂದೆ ಹೋಗಿ ಎಷ್ಟೋ ಗುಲಾಮರನ್ನು ಬಿಡಿಸಿ ತಂದವಳು. ಆಕೆಗೆ ಓದು ಬರಹ ಬರುತ್ತಿರಲಿಲ್ಲ. ಆಕೆಯ ಮಾತು ನಮಗೆ ಸಿಗೋದೆಲ್ಲ ಬೇರೆಯವರ ಲೇಖನಿಯಿಂದ. 1936ರಿಂದ 38ರವರೆಗೆ ಸರ್ಕಾರವೇ ಜನ ಕಳಿಸಿ, ಬದುಕಿ ಉಳಿದಿದ್ದ ಮಾಜಿ ಗುಲಾಮರ ನೆನಪುಗಳನ್ನು ಬರೆಸಿತು, 2,300ಕ್ಕೂ ಜಾಸ್ತಿ ಇವೆ. ಅಪರೂಪದ ಸಂಗ್ರಹ. ಆದರೆ ಕೇಳಲು ಹೋದವರಲ್ಲಿ ಬಹುಪಾಲು ಬಿಳಿಯರು. ದಕ್ಷಿಣದ ಹಳ್ಳಿಯಲ್ಲಿ ಎಂಬತ್ತು ದಾಟಿದ ಕಪ್ಪು ಮುದುಕಿ ಬಿಳಿಯ ಅಧಿಕಾರಿಯ ಮುಂದೆ ಹಳೇ ಯಜಮಾನನ ಬಗ್ಗೆ ಎಷ್ಟು ಬಿಚ್ಚಿ ಹೇಳಿಯಾಳು? ಇದನ್ನು ಕ್ಲಾಸಿನಲ್ಲೇ ಕೇಳಿ.

ದೊಡ್ಡ ಮನುಷ್ಯರನ್ನು ಬಿಡಬೇಕಾಗಿಲ್ಲ, ಎದುರು ಮಾತಾಡಿದವರ ಜೊತೆ ಕೂರಿಸಿ ಅಷ್ಟೆ. 1776ರ ಮಾರ್ಚ್ 31ರಂದು ಅಬಿಗೇಲ್ ಆಡಮ್ಸ್ ತನ್ನ ಗಂಡ ಜಾನ್ ಆಡಮ್ಸ್‌ಗೆ ಬರೆದಳು: ಹೊಸ ಕಾನೂನು ಮಾಡುವಾಗ ಹೆಂಗಸರನ್ನು ನೆನಪಿಡಿ, ಗಂಡಂದಿರ ಕೈಗೆ ಲಂಗುಲಗಾಮಿಲ್ಲದ ಅಧಿಕಾರ ಕೊಡಬೇಡಿ. ಏಪ್ರಿಲ್ 14ಕ್ಕೆ ಗಂಡನ ಉತ್ತರ: ನಿನ್ನ ಕಾನೂನು ಕೇಳಿ ನಗು ಬಂತು. ಬ್ರಿಟಿಷ್ ಸೈನಿಕರಿಗೂ ನ್ಯಾಯ ಸಿಗಲಿ ಅಂತ ಕೋರ್ಟಿಗೆ ಹೋದ ಅದೇ ಆಡಮ್ಸ್!

ಹಾಗೇ ಸ್ವಾತಂತ್ರ್ಯ ಘೋಷಣೆ ಓದಿದ ಮಾರನೇ ದಿನ ಫ್ರೆಡರಿಕ್ ಡಗ್ಲಾಸ್ ಭಾಷಣ ಓದಿಸಿ. ಗುಲಾಮನಾಗಿ ಹುಟ್ಟಿ 1838ರಲ್ಲಿ ತಪ್ಪಿಸಿಕೊಂಡವನು. 1852ರ ಜುಲೈ 5ರಂದು ರಾಚೆಸ್ಟರ್‌ನಲ್ಲಿ ಸ್ವಾತಂತ್ರ್ಯ ದಿನದ ಮಾತಿಗೆ ಕರೆದಿದ್ದರು. ಮೊದಲು ದೇಶ ಕಟ್ಟಿದವರನ್ನು ಧೈರ್ಯಶಾಲಿಗಳು ಅಂತ ಹೊಗಳುತ್ತಾನೆ, ಸಭೆ ಹಿಗ್ಗಿರಬೇಕು. ಆಮೇಲೆ ಈ ಜುಲೈ 4 ನಿಮ್ಮದು, ನನ್ನದಲ್ಲ, ನೀವು ಸಂಭ್ರಮಿಸಬಹುದು, ನಾನು ಅಳಬೇಕು ಅಂತ ತಿರುಗಿ ಬೀಳುತ್ತಾನೆ. ಇಡೀ ಭಾಷಣ ತುಂಬ ಉದ್ದ, ಈ ಎರಡು ತುಂಡು ಸಾಕು.

ಪ್ರಶ್ನೆ: ಇದೆಲ್ಲ ಎಲ್ಲಿ ಸಿಗುತ್ತದೆ? ದುಡ್ಡು ಕೊಡಬೇಕೇ?
– ಓದುಗರು, ಮಡಿಕೇರಿ

ಉತ್ತರ: ಬೇಡ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಮತ್ತು ನ್ಯಾಷನಲ್ ಆರ್ಕೈವ್ಸ್ ಜಾಲತಾಣಗಳಲ್ಲಿ ಶಿಕ್ಷಕರಿಗೆಂದೇ ವಿಭಾಗಗಳಿವೆ. ಜೆಫರ್ಸನ್, ಆಡಮ್ಸ್, ವಾಷಿಂಗ್ಟನ್‌ರ ಪತ್ರಗಳಿಗೆ 'ಫೌಂಡರ್ಸ್ ಆನ್‌ಲೈನ್' ನೋಡಿ. ಯಂತ್ರಾನುವಾದ ಮಾಡಿ ಹಾಗೇ ಹಂಚಬೇಡಿ, ಒಮ್ಮೆ ನೀವೇ ಕುಳಿತು ತಿದ್ದಿ.

ಪ್ರಶ್ನೆ: ನಮ್ಮ ಕಡೆಯ ಮಕ್ಕಳಿಗೆ ಇದರಿಂದ ಏನಾಗಬೇಕು? ಅಮೆರಿಕಕ್ಕೂ ನಮಗೂ ಏನು ಸಂಬಂಧ?
– ಮಂಡ್ಯದಿಂದ, ಹೆಸರು ಬರೆದಿಲ್ಲ

ಉತ್ತರ: ಮಂಡ್ಯದಿಂದ ಈ ಪ್ರಶ್ನೆ ಬಂದದ್ದೇ ಚೆಂದ. 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಅಮೆರಿಕನ್ನರ ಹಡಗೊಂದು ತನಗಿಂತ ಬಲವಾದ 'ಜನರಲ್ ಮಂಕ್' ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ಗೆದ್ದ ಹಡಗಿನ ಹೆಸರು 'ಹೈದರ್ ಅಲಿ'. ನಮ್ಮ ಹೈದರನೇ. ಆಗ ಅವನು ಇಲ್ಲಿ ಬ್ರಿಟಿಷರ ಜೊತೆ ಯುದ್ಧದಲ್ಲಿದ್ದ, ಪೆನ್ಸಿಲ್ವೇನಿಯಾದವರು ಅವನ ಹೆಸರಿಟ್ಟುಕೊಂಡರು.

ಇನ್ನೊಬ್ಬ ಕಾರ್ನ್‌ವಾಲಿಸ್, ಬ್ರಿಟಿಷ್ ಸೇನಾಪತಿ. 1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನ್‌ನಲ್ಲಿ ವಾಷಿಂಗ್ಟನ್‌ಗೆ ಶರಣಾದವನು ಇವನೇ. ಶರಣಾಗತಿಯ ದಿನ ಹುಷಾರಿಲ್ಲ ಅಂತ ತಾನು ಬರಲಿಲ್ಲ, ಕೆಳಗಿನ ಅಧಿಕಾರಿಯನ್ನು ಕಳಿಸಿದ. ಹತ್ತು ವರ್ಷ ದಾಟುವಷ್ಟರಲ್ಲಿ ನಿಮ್ಮ ಶ್ರೀರಂಗಪಟ್ಟಣದ ಬಾಗಿಲಲ್ಲಿದ್ದ. ಎರಡೂ ಒಪ್ಪಂದಗಳ ಪಠ್ಯ ಇಂಟರ್ನೆಟ್‌ನಲ್ಲಿದೆ. ಯಾರ್ಕ್‌ಟೌನ್ ಶರತ್ತಿನ ಮೂರನೇ ಕಲಮಿನಲ್ಲಿ ಬ್ರಿಟಿಷರು ಬಾವುಟ ಸುತ್ತಿಟ್ಟುಕೊಂಡು ಹೊರಗೆ ಬರಬೇಕು ಅಂತಿದೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಜೊತೆಗೆ ಇಬ್ಬರು ಗಂಡುಮಕ್ಕಳು ಒತ್ತೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ಮಕ್ಕಳಿಗೆ ಕೊಡಿ: ಸೋತಾಗ ಈ ಮನುಷ್ಯ ಯಾವುದಕ್ಕೆ ಒಪ್ಪಿದ, ಗೆದ್ದಾಗ ಏನೇನು ಕಿತ್ತುಕೊಂಡ? ಹತ್ತು ಅಂಕದ ಪ್ರಶ್ನೆ, ಗೈಡಿನಲ್ಲಿ ಉತ್ತರ ಸಿಗೋದಿಲ್ಲ.