ಏಳರಲ್ಲಿ ಆರು ಕಳೆದರೆ

ಓದುಗರ ಪತ್ರದ ಆಯ್ದ ಭಾಗ: ‘ನನ್ನ ತಮ್ಮ ಈ ಬಾರಿ ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯಲ್ಲಿ ಆಯ್ಕೆಯಾಗಿದ್ದಾನೆ. ಏಳನೆಯ ವರ್ಷ, ಆರನೆಯ ಪ್ರಯತ್ನ, ಅದೇ ಕಡೆಯದು. ಪತ್ರಿಕೆಯೊಂದರಲ್ಲಿ “ದಿನಕ್ಕೆ 18 ಗಂಟೆ ಓದಿದ ಛಲಗಾರ” ಎಂದು ಬಂದಿದೆ. ಒಂದೇ ಮನೆಯಲ್ಲಿದ್ದ ನಾನಂತೂ ಅದನ್ನು ನೋಡಿಲ್ಲ. ಐದನೆಯ ವರ್ಷ ಪುಸ್ತಕಗಳನ್ನೆಲ್ಲ ಟ್ರಂಕಿಗೆ ತುಂಬಿ, ಅಂಗಡಿಯೊಂದರಲ್ಲಿ ಲೆಕ್ಕ ಬರೆಯಲು ಹೋಗುತ್ತಿದ್ದ. ಆ ಸುದ್ದಿಯೇ ಇಲ್ಲ. ನಡೆದದ್ದನ್ನು ನಡೆದ ಹಾಗೆ ನಿಮ್ಮ ಪತ್ರಿಕೆಗೆ ಬರೆಯಲೇ? ಬರೆದರೆ, ತಮ್ಮನ ಗೆಲುವಿನಲ್ಲಿ ಪಾಲು ಕೇಳಲು ಬಂದಳು ಎನ್ನುವುದಿಲ್ಲವೇ?’

– ಹೆಸರು ಬೇಡವೆಂದ ಕನ್ನಡ ಶಿಕ್ಷಕಿ

ಸಹೋದರಿ,

ಮೊದಲು ಅಭಿನಂದನೆ, ನಿಮ್ಮ ತಮ್ಮನಿಗೂ ನಿಮಗೂ. ನಿಮ್ಮನ್ನು ಸೇರಿಸಿದ್ದು ಶಿಷ್ಟಾಚಾರಕ್ಕಲ್ಲ, ಕಾರಣ ಮುಂದೆ ಬರುತ್ತದೆ.

18 ಗಂಟೆಯ ವಿಚಾರವನ್ನು ಬೇಗ ಮುಗಿಸುತ್ತೇನೆ. ಅದು ನಿಮ್ಮ ತಮ್ಮ ಹೇಳಿದ ಸುಳ್ಳಾಗಿರಲಾರದು. ಫಲಿತಾಂಶದ ದಿನ ವರದಿಗಾರರು ಕೇಳುವ ಮೊದಲ ಪ್ರಶ್ನೆಯೇ ‘ದಿನಕ್ಕೆ ಎಷ್ಟು ಗಂಟೆ ಓದುತ್ತಿದ್ದಿರಿ?’ ಎಂಬುದು. ಪರೀಕ್ಷೆಯ ಹಿಂದಿನ ವಾರದ ಲೆಕ್ಕ ಹೇಳಿದರೂ ಸಾಕು, ಅಚ್ಚಾಗುವ ಹೊತ್ತಿಗೆ ಅದು ಏಳೂ ವರ್ಷಕ್ಕೆ ಹರಡಿಕೊಂಡಿರುತ್ತದೆ. ಈ ಪ್ರಶ್ನೆಯನ್ನು ನಾನೂ ಹಲವರಿಗೆ ಕೇಳಿದ್ದೇನೆ, ಉತ್ತರವನ್ನು ದಪ್ಪಕ್ಷರದಲ್ಲಿ ಹಾಕಿಸಿಯೂ ಇದ್ದೇನೆ. ಆ ಪತ್ರಿಕೆಯವರನ್ನು ದೂರುವ ಮುಖ ನನಗಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಟ್ರಂಕು. ಏಳು ವರ್ಷ, ಆರು ಪ್ರಯತ್ನ ಎಂದು ಸುದ್ದಿಯಲ್ಲೇ ಇದೆ. ಏಳರಲ್ಲಿ ಆರು ಕಳೆಯುವ ಗೋಜಿಗೆ ಮಾತ್ರ ಯಾರೂ ಹೋಗಲಿಲ್ಲ.

ಮೂರನೆಯ ವರ್ಷ ಎರಡನೆಯ ಹಂತವಾದ ಮೇನ್ಸ್ (ಮುಖ್ಯ ಪರೀಕ್ಷೆ) ಬರೆದ ತಮ್ಮ ನಾಲ್ಕನೆಯ ವರ್ಷ ಮೊದಲ ಹಂತವಾದ ಪ್ರಿಲಿಮ್ಸ್‌ನಲ್ಲೇ ಉಳಿದರು ಎಂದಿದ್ದೀರಿ. ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಅಷ್ಟು ದೂರ ಹೋದವನು ಹಿಂದಕ್ಕೆ ಬಂದದ್ದು ಹೇಗೆ, ಓದು ಬಿಟ್ಟನೇನೋ ಎಂದುಕೊಳ್ಳುತ್ತಾರೆ. ಈ ಪರೀಕ್ಷೆಯಲ್ಲಿ ಹಿಂದಿನ ವರ್ಷದ್ದು ಯಾವುದೂ ಮುಂದಿನ ವರ್ಷಕ್ಕೆ ಬರುವುದಿಲ್ಲ. ಸಂದರ್ಶನ ಮುಗಿಸಿ ಪಟ್ಟಿಯಲ್ಲಿ ಹೆಸರು ಕಾಣದವರೂ ಮರುವರ್ಷ, ಮೊದಲ ಸಲ ಬರೆಯುವವರ ಪಕ್ಕದ ಬೆಂಚಿನಲ್ಲಿ ಕುಳಿತು ಪ್ರಿಲಿಮ್ಸ್‌ನಿಂದಲೇ ಶುರುಮಾಡಬೇಕು. ಅಲ್ಲಿ ಸಾಮಾನ್ಯ ಅಧ್ಯಯನದ ಪತ್ರಿಕೆಗೆ 100 ಪ್ರಶ್ನೆ, 200 ಅಂಕ. ಸರಿಯುತ್ತರಕ್ಕೆ 2 ಅಂಕ, ತಪ್ಪಿದರೆ 0.66 ಕಡಿತ. ನಿಮ್ಮ ತಮ್ಮನಿಗೆ ಕೈತಪ್ಪಿದ್ದು 1.34 ಅಂಕದಿಂದ. ಒಂದು ಪ್ರಶ್ನೆಯ ಬೆಲೆಯೂ ಅಲ್ಲ! ಅದು ಗೊತ್ತಾದದ್ದಾದರೂ ಯಾವಾಗ? ಕಟ್‌ಆಫ್, ಅಂದರೆ ಮುಂದಿನ ಹಂತಕ್ಕೆ ಬೇಕಾದ ಕನಿಷ್ಠ ಅಂಕ, ಎಷ್ಟಿತ್ತು, ತನಗೆಷ್ಟು ಬಂತು ಎಂಬುದು ಆ ವರ್ಷದ ಅಂತಿಮ ಫಲಿತಾಂಶ ಬಂದ ಮೇಲೆಯೇ ಹೊರಬೀಳುವುದು. ಅಷ್ಟರಲ್ಲಿ ಮುಂದಿನ ಪ್ರಿಲಿಮ್ಸ್ ಬಾಗಿಲಿಗೆ ಬಂದಿರುತ್ತದೆ.

ಅಂಕ ನೋಡಿದ ವಾರವೇ ಟ್ರಂಕು ಮುಚ್ಚಿತು ಎಂದು ಬರೆದಿದ್ದೀರಿ. ನಿಮ್ಮ ಮನೆಯಲ್ಲಿ ಆ ವರ್ಷದ ಮಾತನ್ನು ಈಗಲೂ ಯಾರೂ ಎತ್ತುವುದಿಲ್ಲವಂತೆ. ನಾನು ಎತ್ತುತ್ತೇನೆ, ಕ್ಷಮಿಸಿ. ಅವರು ಅರ್ಜಿ ಹಾಕಿದ್ದರು, ಪರೀಕ್ಷೆಗೆ ಹೋಗಲಿಲ್ಲ. ನಿಯಮದ ಪ್ರಕಾರ ಪ್ರಿಲಿಮ್ಸ್‌ನ ಎರಡು ಪತ್ರಿಕೆಗಳಲ್ಲಿ ಒಂದಕ್ಕೆ ಕುಳಿತರೂ ಒಂದು ಪ್ರಯತ್ನ ಮುಗಿದಂತೆ, ಅರ್ಜಿ ಹಾಕಿ ಎರಡಕ್ಕೂ ಹೋಗದಿದ್ದರೆ ಅದು ಲೆಕ್ಕಕ್ಕಿಲ್ಲ. ಸಾಮಾನ್ಯ ವರ್ಗದವರಿಗೆ ಇರುವುದೇ 6 ಪ್ರಯತ್ನ, ವಯಸ್ಸಿನ ಮಿತಿ 32. (ಇತರ ಹಿಂದುಳಿದ ವರ್ಗದವರಿಗೆ 9 ಪ್ರಯತ್ನ, 35 ವರ್ಷ. ಪರಿಶಿಷ್ಟ ಜಾತಿ, ಪಂಗಡದವರಿಗೆ 37ರವರೆಗೆ ಪ್ರಯತ್ನಕ್ಕೆ ಮಿತಿಯಿಲ್ಲ.) ನಿಮ್ಮ ತಮ್ಮನ ಬಳಿ ಆಗ ಉಳಿದದ್ದು ಎರಡೇ. ಪ್ರಿಲಿಮ್ಸ್ ನಡೆದ ಆ ಭಾನುವಾರ ಮನೆಯವರ ಮಾತಿಗೆ ಕಟ್ಟುಬಿದ್ದು, ಕದಡಿದ ಮನಸ್ಸಿನಲ್ಲಿ ಹೋಗಿ ಕುಳಿತು ಸೋತಿದ್ದರೆ ಉಳಿಯುತ್ತಿದ್ದದ್ದು ಒಂದು. ಆರನೆಯ ವರ್ಷ ಸಂದರ್ಶನದವರೆಗೆ ಹೋಗಿ ಬರಿಗೈಯಲ್ಲಿ ಬಂದರಲ್ಲ, ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಏಳನೆಯ ವರ್ಷ ಎಂಬುದೇ ಇರುತ್ತಿರಲಿಲ್ಲ.

ಅದನ್ನು ಅವರು ಲೆಕ್ಕ ಹಾಕಿಯೇ ಮಾಡಿದರೋ, ಸುಮ್ಮನೆ ಬೇಸತ್ತು ಮಾಡಿದರೋ ನೀವೇ ಕೇಳಬೇಕು. ಬೇಸತ್ತೇ ಮಾಡಿದ್ದರೂ ನನ್ನ ತಕರಾರಿಲ್ಲ. ಆದರೆ ಪುಸ್ತಕ ಮುಚ್ಚಿಟ್ಟವರೆಲ್ಲರೂ ಮತ್ತೆ ತೆರೆಯುತ್ತಾರೆಂದು ಯಾರೂ ತಿಳಿಯಬಾರದು. ನನ್ನ ಅಣ್ಣನೂ ಒಂದು ಕಾಲದಲ್ಲಿ ಇದೇ ಪರೀಕ್ಷೆ ಬರೆದವರು. ನಾಲ್ಕನೆಯ ಸಲದ ನಂತರ ಮುಚ್ಚಿದ ಪುಸ್ತಕ ಮುಚ್ಚಿಯೇ ಉಳಿಯಿತು. ಅವರ ಓದಿನಲ್ಲಿ ಕೊರತೆಯಿತ್ತೆಂದು ನಾನು ಇವತ್ತಿಗೂ ಒಪ್ಪುವುದಿಲ್ಲ. ಅವರ ಕಥೆಯನ್ನು ಯಾವ ಪತ್ರಿಕೆಯೂ ಹಾಕಲಿಲ್ಲ, ನಾನು ಸಂಪಾದಕನಾದ ಮೇಲೆ ಈ ಪತ್ರಿಕೆಯೂ ಹಾಕಲಿಲ್ಲ.

ಇನ್ನು ಪಾಲಿನ ಮಾತು. ಪತ್ರದ ಕೊನೆಯ ಪುಟದಲ್ಲಿ, ಬರೆಯಲೋ ಬೇಡವೋ ಎಂಬಂತೆ, ನೋಟ್‌ಬುಕ್ಕೊಂದರ ವಿಷಯ ತಂದಿದ್ದೀರಿ. ನಿಮ್ಮ ತಮ್ಮ ಮೇನ್ಸ್ ಬರೆದದ್ದು ಕನ್ನಡದಲ್ಲಿ. ಉತ್ತರವನ್ನು ಕನ್ನಡದಲ್ಲಿ ಬರೆಯಬಹುದು, ಸಾಮಾನ್ಯ ಅಧ್ಯಯನದ ಪ್ರಶ್ನೆ ಮಾತ್ರ ಇಂಗ್ಲಿಷ್ ಮತ್ತು ಹಿಂದಿಯಲ್ಲಷ್ಟೇ ಅಚ್ಚಾಗಿರುತ್ತದೆ. ಅದರ ಮೊದಲ ಮೂರು ಪತ್ರಿಕೆಗಳಲ್ಲಿ ಒಂದೊಂದಕ್ಕೂ ಮೂರು ಗಂಟೆಯಲ್ಲಿ 20 ಪ್ರಶ್ನೆ, ತಲಾ 9 ನಿಮಿಷ. ಅಷ್ಟರೊಳಗೆ ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ಯೋಚಿಸಿ, 150 ಅಥವಾ 250 ಪದಗಳಲ್ಲಿ ಮುಗಿಸಬೇಕು. ‘ಫಿಸ್ಕಲ್ ಡೆಫಿಸಿಟ್’ ಎಂದರೆ ವಿತ್ತೀಯ ಕೊರತೆ, ‘ರೆವಿನ್ಯೂ ಡೆಫಿಸಿಟ್’ ಎಂದರೆ ರಾಜಸ್ವ ಕೊರತೆ ಎಂದು ಪೆನ್ನಿಗೆ ತಡವರಿಸದೆ ಬರಬೇಕು. ಆ ಪದಗಳನ್ನು ಶಾಲೆಯಿಂದ ಬಂದ ಮೇಲೆ ಕುಳಿತು ಒಂದೊಂದಾಗಿ ಬರೆದಿಟ್ಟವರು ನೀವು. ಮೊಬೈಲಿನಲ್ಲಿ 9 ನಿಮಿಷ ಇಟ್ಟು, ಗಂಟೆ ಬಾರಿಸಿದ ಕೂಡಲೇ ತಮ್ಮನ ವಾಕ್ಯದ ನಡುವೆಯೇ ಕೆಂಪು ಗೆರೆ ಎಳೆಯುತ್ತಿದ್ದವರೂ ನೀವೇ. ಒಮ್ಮೆ ಅವರು ಸಿಟ್ಟಾಗಿ ಹಾಳೆ ಹರಿದು ಹಾಕಿದ್ದನ್ನು, ಮರುದಿನ ನೀವು ಅದನ್ನು ಅಂಟಿಸಿ ಇಟ್ಟದ್ದನ್ನು ಓದಿ ನಕ್ಕೆ.

ಇದು ಪಾಲು ಕೇಳುವುದು ಹೇಗಾಗುತ್ತದೆ? ಕನ್ನಡದಲ್ಲಿ ಬರೆಯಬೇಕೆಂದು ಹೊರಟು, ಪದ ಸಿಗದೆ ಅರ್ಧಕ್ಕೆ ಇಂಗ್ಲಿಷಿಗೆ ಬದಲಾದ ಹುಡುಗ ಹುಡುಗಿಯರು ಈ ಕಚೇರಿಗೆ ಪತ್ರ ಬರೆಯುತ್ತಲೇ ಇರುತ್ತಾರೆ. 18 ಗಂಟೆಯ ಕಥೆಯಿಂದ ಅವರಿಗೆ ಕೀಳರಿಮೆ ಬಿಟ್ಟರೆ ಬೇರೇನೂ ಸಿಗದು. ನಿಮ್ಮ ನೋಟ್‌ಬುಕ್ ನಾಳೆಯೇ ಕೆಲಸಕ್ಕೆ ಬರುತ್ತದೆ.

ಆದ್ದರಿಂದ ಬರೆಯಿರಿ. ಒಂದು ಷರತ್ತು: ಟ್ರಂಕಿನ ಭಾಗವನ್ನು ಮೊದಲು ತಮ್ಮನಿಗೆ ಓದಿ ಹೇಳಿ. ಆ ವರ್ಷ ಅವರದು, ಬೇಡವೆಂದರೆ ಅಷ್ಟನ್ನು ಬಿಟ್ಟು ಕಳುಹಿಸಿ, ನಾನು ಒತ್ತಾಯಿಸುವುದಿಲ್ಲ. ಮೇಲೆ ಬರೆದದ್ದರಲ್ಲಿ ಗುರುತು ಸಿಗುವ ವಿವರಗಳನ್ನು ತೆಗೆದಿದ್ದೇನೆ. ನೋಟ್‌ಬುಕ್ಕಿನ ಭಾಗಕ್ಕೆ ಯಾರ ಅಪ್ಪಣೆಯೂ ಬೇಡ. ಎರಡು ಪುಟಗಳ ಚಿತ್ರ ಬೇಕು: ಪದಗಳ ಪುಟ ಒಂದು, ಅಂಟಿಸಿದ ಹಾಳೆ ಒಂದು. ಕೆಂಪು ಗೆರೆ ಸ್ಪಷ್ಟವಾಗಿ ಕಾಣುವಂತಿರಲಿ.

– ಸಂಪಾದಕ