ಗೋವಾದ ಹೆರಾಲ್ಡ್ ಪತ್ರಿಕೆಯೂ ಗಣಿ ಧಣಿಗಳದ್ದೇನಾ?

ಪಣಜಿಗೆ ಹೊಸದಾಗಿ ಬಂದಿದ್ದೀರಿ, ರೂಮಿಗೆ ಹೆರಾಲ್ಡ್ ಬರುತ್ತದೆ, ಗೋವಾದ ಪೇಪರ್‌ಗಳೆಲ್ಲ ಗಣಿ ಮಾಲೀಕರದ್ದೇ ಎಂದು ಯಾರೋ ಹೇಳಿದರು, ಇದೂ ಹಾಗೇನಾ ಅಂತ ಕೇಳಿದ್ದೀರಿ. ಹೆರಾಲ್ಡ್ ಗಣಿಯವರದ್ದಲ್ಲ. ಆದರೆ ಹೇಳಿದವರು ಸುಮ್ನೆ ಹೇಳಿಲ್ಲ. ನಾನು ಧಾರವಾಡ ಕಡೆಯವನು, ವಾಸ್ಕೊದಲ್ಲಿ ನೆಲೆಸಿ ಬಹಳ ವರ್ಷ ಆಯಿತು. ಇಲ್ಲಿಯ ಪೇಪರ್ ಓದುವ ಚಟ ಇದೆ.

ಹೆರಾಲ್ಡ್ ಶುರುವಾದದ್ದು 1900ರ ಜನವರಿಯಲ್ಲಿ, ‘ಓ ಹೆರಾಲ್ಡೊ’ ಎಂಬ ಹೆಸರಲ್ಲಿ, ಪೋರ್ಚುಗೀಸ್ ಭಾಷೆಯಲ್ಲಿ. ಶುರುಮಾಡಿದವರು ಮೆಸಿಯಾಸ್ ಗೋಮ್ಸ್. ಗೋವಾದ ಮೊದಲ ದಿನಪತ್ರಿಕೆ ಇದೇ. 1961ರಲ್ಲಿ ಪೋರ್ಚುಗೀಸರು ಹೋದರು. ಪೇಪರ್ ಮಾತ್ರ ಇನ್ನೂ ಎರಡು ದಶಕ ಅವರ ಭಾಷೆಯಲ್ಲೇ ಬಂತು! ಹೊಸ ಹುಡುಗರು ಶಾಲೆಯಲ್ಲಿ ಇಂಗ್ಲಿಷ್, ಮರಾಠಿ ಕಲಿಯುತ್ತಿದ್ದರು, ಕೊಳ್ಳುವವರು ಯಾರು? 1983ರ ಅಕ್ಟೋಬರ್‌ನಲ್ಲಿ ಅದನ್ನು ಇಂಗ್ಲಿಷಿಗೆ ತಂದವರು ಫರ್ನಾಂಡಿಸ್ ಕುಟುಂಬ. ಅವರದ್ದು ಮೊದಲು ಪ್ರಿಂಟಿಂಗ್, ಸ್ಟೇಷನರಿ ವ್ಯಾಪಾರ. ಸಂಪಾದಕರು ರಾಜನ್ ನಾರಾಯಣ್. ಕೊಂಕಣಿಗೆ ಆಡಳಿತ ಭಾಷೆಯ ಸ್ಥಾನ ಬೇಕು ಎಂಬ ಚಳವಳಿಯಲ್ಲಿ ಪತ್ರಿಕೆ ಗಟ್ಟಿಯಾಗಿ ಕೊಂಕಣಿ ಪರ ನಿಂತಿತು. 1987ರ ಫೆಬ್ರುವರಿಯಲ್ಲಿ ಆ ಕಾಯ್ದೆ ಬಂತು. ಅಲ್ಲಿಂದ ಹೆರಾಲ್ಡ್ ಹೆಸರು ಊರೂರಿಗೆ ಹಬ್ಬಿತು.

ಇನ್ನು ಗಣಿ ಮಾತು. 1962ರಲ್ಲಿ ಮರಾಠಿ ‘ಗೋಮಂತಕ’ ಶುರು ಮಾಡಿದವರು ಚೌಗುಲೆ. ಮರುವರ್ಷ ಇಂಗ್ಲಿಷ್ ‘ನವಹಿಂದ್ ಟೈಮ್ಸ್’, ಡೆಂಪೊ ಅವರದ್ದು. 1987ರಲ್ಲಿ ಕೊಂಕಣಿಯ ‘ಸುನಾಪರಾಂತ್’, ಸಾಲಗಾಂವಕರ್ ಅವರದ್ದು. ಮೂರೂ ಮನೆತನಗಳು ಕಬ್ಬಿಣದ ಅದಿರನ್ನು ಹಡಗಿಗೆ ತುಂಬಿ ಹೊರದೇಶಕ್ಕೆ ಕಳಿಸಿ ಬೆಳೆದವು. ಆಗ ಗೋವಾದಲ್ಲಿ ದೊಡ್ಡ ದುಡ್ಡು ಅಂತ ಇದ್ದದ್ದು ಅದಿರಿನವರ ಹತ್ತಿರ. ಪ್ರೆಸ್ ಹಾಕಿ, ವರ್ಷಗಟ್ಟಲೆ ನಷ್ಟ ತಡೆದುಕೊಳ್ಳುವ ತಾಕತ್ತು ಬೇರೆಯವರಿಗೆಲ್ಲಿತ್ತು? ಮೇಲಾಗಿ ಸರಕಾರ, ಚುನಾವಣೆ ಎಲ್ಲ ಹೊಸದು. ಅಂಥ ಹೊತ್ತಲ್ಲಿ ಕೈಯಲ್ಲಿ ಒಂದು ಪೇಪರ್ ಇದ್ದರೆ ಅನುಕೂಲ, ಅಲ್ವಾ?

ಈಗ ಚಿತ್ರ ಬದಲಾಗಿದೆ. ಡೆಂಪೊ 2009ರಲ್ಲಿ ತಮ್ಮ ಗಣಿ ವ್ಯವಹಾರವನ್ನು ಸೆಸಾ ಗೋವಾಕ್ಕೆ ಮಾರಿದರು, ಪೇಪರ್ ಇಟ್ಟುಕೊಂಡರು. ‘ಗೋಮಂತಕ’ ಪುಣೆಯ ಸಕಾಳ್ ಬಳಗಕ್ಕೆ ಹೋಯಿತು. ‘ಸುನಾಪರಾಂತ್’ ನಿಂತೇ ಹೋಯಿತು. ಆದರೆ 2012ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತಲ್ಲ, ಅದೇ ವರ್ಷ ‘ದಿ ಗೋವನ್’ ಎಂಬ ಹೊಸ ಪತ್ರಿಕೆ ಬಂತು. ಯಾರದ್ದು? ಫೊಮೆಂಟೊದ ಟಿಂಬ್ಲೊ ಅವರದ್ದು, ಅವರೂ ಗಣಿಯವರೇ. ಗಣಿ ಸುದ್ದಿ ಓದುವಾಗ ಇದು ತಲೆಯಲ್ಲಿರಲಿ. ಕ್ರಿಕೆಟ್ಟು, ಕಾರ್ನಿವಲ್ ಓದುವಾಗ ತಲೆ ಕೆಡಿಸಿಕೊಳ್ಳಬೇಡಿ.

ಮಹದಾಯಿ ವಿಷಯಕ್ಕಂತೂ ಮಾಲೀಕ ಯಾರು ಎಂದು ನೋಡುವುದೇ ಬೇಡ. ಇಲ್ಲಿನ ಎಲ್ಲ ಪೇಪರ್‌ಗಳದ್ದೂ ಒಂದೇ ರಾಗ, ನಾವು ನದಿ ಕದಿಯುವವರು. ಹುಬ್ಬಳ್ಳಿ ಪೇಪರ್ ತೆರೆದರೆ ಅದೇ ಕಳಸಾ-ಬಂಡೂರಿ ನಮ್ಮ ಕುಡಿಯುವ ನೀರು. ಎರಡನ್ನೂ ಓದಿ, ಮಜಾ ಇರುತ್ತದೆ.

ಬೇರೆ ಪೇಪರ್‌ಗಳ ಮಾಲೀಕರು ಯಾರೆಂದು ನೋಡಬೇಕಾದರೆ ಪುಟದ ತಳದಲ್ಲಿ ಸಣ್ಣ ಅಕ್ಷರದ ಸಾಲು ಹುಡುಕಿ. ಮುದ್ರಕ, ಪ್ರಕಾಶಕ, ಸಂಪಾದಕರ ಹೆಸರು ಅಲ್ಲಿರುತ್ತದೆ. ಇನ್ನೂ ಒಳಗೆ ಹೋಗಬೇಕೆಂದರೆ ಲೈಬ್ರರಿಯಲ್ಲಿ ಹಳೆಯ ಮಾರ್ಚ್ ಸಂಚಿಕೆ ಕೇಳಿ. ಫಾರ್ಮ್ 4 ಎಂಬ ಪ್ರಕಟಣೆಯಲ್ಲಿ ಶೇ. 1ಕ್ಕಿಂತ ಜಾಸ್ತಿ ಪಾಲು ಇರುವವರ ಹೆಸರೂ ಸಿಗುತ್ತದೆ.