ಹೊಸ ಮನೆಗೂ ಎಂಜಿನಿಯರ್ ತಪಾಸಣೆ ಬೇಕೇ?

ಮಡಿಕೇರಿ ಹತ್ತಿರ ಈಗಷ್ಟೇ ಕಟ್ಟಿ ಮುಗಿಸಿದ ಮನೆಗೂ ತಪಾಸಣೆಗೆಂದು ದುಡ್ಡು ಹಾಕಬೇಕಾ ಅಂತ ಕೇಳಿದ್ದೀರಿ. ಖಂಡಿತ ಹಾಕಿ, ಅದೂ ಅಡ್ವಾನ್ಸ್ ಕೊಡುವ ಮೊದಲೇ. ಹಳೇ ಮನೆಯ ದೋಷ ಗೋಡೆಯಲ್ಲೇ ಕಾಣುತ್ತದೆ. ಬೇಸಿಗೆಯಲ್ಲಿ ಮುಗಿದ ಮನೆ ಇನ್ನೂ ಒಂದು ಮಳೆಗಾಲವನ್ನೂ ಕಂಡಿರುವುದಿಲ್ಲ. ಎಂಜಿನಿಯರ್ ಮಾತ್ರ ಬಿಲ್ಡರ್ ಕಡೆಯವರಾಗಿರಬಾರದು.

ಮೊದಲು ನೋಡಬೇಕಾದದ್ದು ಮನೆಯನ್ನಲ್ಲ, ಹಿಂದಿನ ಬರೆಯನ್ನು, ಅಂದರೆ ಗುಡ್ಡ ಕಡಿದ ಇಳಿಜಾರನ್ನು. 2018ರ ಕೊಡಗಿನ ಭೂಕುಸಿತಗಳ ನಂತರ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಡೆಗೋಡೆಯಲ್ಲಿ ನೀರು ಹೋಗಲು ಪೈಪ್ ಇದ್ದರಷ್ಟೇ ಸಾಲದು, ಅದರ ಹಿಂದೆ ಜಲ್ಲಿ ತುಂಬಿರಬೇಕು. ಇಲ್ಲದಿದ್ದರೆ ಮಣ್ಣು ತುಂಬಿ ಪೈಪ್ ಕಟ್ಟಿಕೊಳ್ಳುತ್ತದೆ, ನೀರು ಹಿಂದೆ ನಿಂತು ಗೋಡೆಯನ್ನೇ ದೂಡುತ್ತದೆ. ಕಟ್ಟುವಾಗ ತೆಗೆದ ಫೋಟೋ ಕೇಳಿ. ನಿವೇಶನದ ಅರ್ಧ ಕಡಿದು, ಆ ಮಣ್ಣನ್ನೇ ಇನ್ನರ್ಧಕ್ಕೆ ತುಂಬಿ ಮಟ್ಟ ಮಾಡಿದ್ದರೆ ತುಂಬಿದ ಕಡೆ ಕುಸಿಯಬಹುದು; ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಹೊರಟಿದೆಯೇ ನೋಡಿ.

ಮೇಲಂತಸ್ತಿನ ಬಾತ್‌ರೂಮಿನ ಟ್ರ್ಯಾಪ್ (ನೆಲದಿಂದ ನೀರು ಹೋಗುವ ಕಿಂಡಿ) ಮುಚ್ಚಿ, 1 ಇಂಚು ನೀರು ನಿಲ್ಲಿಸಿ, ಮಟ್ಟಕ್ಕೆ ಗುರುತು ಹಾಕಿ 48 ಗಂಟೆ ಬಿಡಿ. ಕೆಳಗಿನ ಸೀಲಿಂಗ್ ಒದ್ದೆಯಾದರೆ ವಾಟರ್‌ಪ್ರೂಫಿಂಗ್ ಸರಿಯಿಲ್ಲ ಅಥವಾ ಪೈಪ್ ಜಾಯಿಂಟ್ ಸೋರುತ್ತಿದೆ. ಕಿಟಕಿ ಹಲಗೆ ಹೊರಕ್ಕೆ ಇಳಿಜಾರಾಗಿರಬೇಕು, ಮುಖ್ಯವಾಗಿ ಗಾಳಿಮಳೆ ಬಡಿಯುವ ನೈಋತ್ಯದ ಕಡೆ.

ಭೂ ಪರಿವರ್ತನೆ ಆದೇಶ, ಖಾತೆ ವಕೀಲರಿಗೆ ಬಿಡಿ.

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ಇದೆಯಲ್ಲ ಎನ್ನಬೇಡಿ. 5 ವರ್ಷದೊಳಗಿನ ಕಟ್ಟಡ ದೋಷವನ್ನು ಬಿಲ್ಡರ್ ತನ್ನ ಖರ್ಚಿನಲ್ಲೇ ಸರಿಪಡಿಸಬೇಕೆಂಬ ನಿಯಮ ಅದರಲ್ಲಿರುವುದು ನಿಜ, ಆದರೆ 500 ಚದರ ಮೀಟರ್ ಮೀರದ ಜಾಗದ ಯೋಜನೆಗೆ ನೋಂದಣಿಯೇ ಕಡ್ಡಾಯವಲ್ಲ. ಹಾಗಾಗಿ ಅದೇ ಷರತ್ತನ್ನು ಕರಾರುಪತ್ರದಲ್ಲಿ ಬರೆಸಿಕೊಳ್ಳಿ, ತಪಾಸಣಾ ವರದಿಯನ್ನೂ ಅದಕ್ಕೆ ಲಗತ್ತಿಸಿ.